ನೆಟ್ ನಡುವೆ ಎರಡು ಇಂಚು ತಗ್ಗು ಯಾಕೆ?

ಪ್ರಶ್ನೆ: ನಮ್ಮ ಬಡಾವಣೆಯ ಸಿಮೆಂಟ್ ಶಟಲ್ ಕೋರ್ಟಿನಲ್ಲಿ ನೆಟ್ ಕೆಳಗಿಳಿಸಿ ಸಂಜೆ ಪಿಕಲ್‌ಬಾಲ್ (ಗಟ್ಟಿ ಬ್ಯಾಟಿನಿಂದ ತೂತಿರುವ ಪ್ಲಾಸ್ಟಿಕ್ ಚೆಂಡು ಹೊಡೆಯುವ ಆಟ) ಆಡುತ್ತೇವೆ. ನೆಟ್ ನಡುವೆ ಜೋತುಬಿದ್ದಿದೆ, ಎಳೆದು ಒಂದೇ ಸಮ ಮಾಡೋಣ ಅಂತ ಕೆಲವರು, ಹಾಗೇ ಇರಲಿ ಅಂತ ಕೆಲವರು. ಒಂದೆರಡು ಇಂಚಿಗೆ ಇಷ್ಟು ವಾದ ಬೇಕಾ ಸಾರ್?
– ಓದುಗರೊಬ್ಬರು, ಹಾಸನ

ಉತ್ತರ: ಬೇಕು, ಖಂಡಿತ ಬೇಕು. ಎರಡೂ ಪಕ್ಕದ ಗೆರೆಗಳ ಮೇಲೆ 36 ಇಂಚು, ನಡುವೆ 34 ಇಂಚು, ಇದು ನಿಯಮ. ಅಂದರೆ ನಡುವೆ ತಗ್ಗು ಇರಲೇಬೇಕು, ಎಳೆದು ಸಮ ಮಾಡಬೇಡಿ. ಹಾಗಂತ 31ಕ್ಕೋ 32ಕ್ಕೋ ಇಳಿದಿದ್ದರೆ ಅದೂ ತಪ್ಪೇ.

ನೆಟ್ಟಿನ ಎರಡೂ ಕಡೆ 7 ಅಡಿಯ ‘ಕಿಚನ್’ ಅನ್ನೋ ಜಾಗ ಇದೆಯಲ್ಲ, ಅದರೊಳಗೆ ನಿಂತು ಚೆಂಡು ಪುಟ ಬೀಳುವ ಮೊದಲೇ ಹೊಡೆಯುವಂತಿಲ್ಲ. ಅದಕ್ಕೇ ಚೆಂಡನ್ನು ಮೆತ್ತಗೆ ದಾಟಿಸಿ ಆ ಕಡೆಯ ಕಿಚನ್‌ಗೆ ಬೀಳಿಸುವ ಡಿಂಕ್ ಈ ಆಟದ ಜೀವಾಳ. ಮೂಲೆಯಿಂದ ಮೂಲೆಗೆ ಡಿಂಕ್ ಮಾಡಿದರೆ ಚೆಂಡು ನಡುವಿನ ತಗ್ಗಿನ ಹತ್ತಿರ ದಾಟುತ್ತದೆ, ಬೀಳೋಕೆ ಜಾಗವೂ ಜಾಸ್ತಿ. ಪಕ್ಕದ ಗೆರೆಗುಂಟ ನೇರ ಹೊಡೆದರೆ ನೆಟ್ಟೂ ಎತ್ತರ, ಜಾಗವೂ ಕಡಿಮೆ. ಯಾವ ಹೊಡೆತಕ್ಕೆ ಧೈರ್ಯ ಮಾಡಬೇಕು ಅನ್ನೋ ಲೆಕ್ಕ ನಿಂತಿರುವುದೇ ಇದರ ಮೇಲೆ. ನಡುವೆ ಎತ್ತರವಾದರೆ ಡಿಂಕ್ ಮೇಲೇಳುತ್ತದೆ, ಎದುರಿನವರು ಬಾರಿಸುತ್ತಾರೆ. ತೀರಾ ತಗ್ಗಾದರೆ ಜೋರಾಗಿ ಹೊಡೆಯುವವರದ್ದೇ ರಾಜ್ಯ, ಕೈಚಳಕದಿಂದ ಆಡುವ ಹಿರಿಯರಿಗೆ ಅದು ಅನ್ಯಾಯ ಅಲ್ವಾ?

1965ರಲ್ಲಿ ಅಮೆರಿಕದ ಬೈನ್‌ಬ್ರಿಜ್ ದ್ವೀಪದಲ್ಲಿ ಈ ಆಟ ಹುಟ್ಟಿದ್ದೂ ಶಟಲ್ ಕೋರ್ಟಿನಲ್ಲೇ. ಮೊದಲು ನೆಟ್ 60 ಇಂಚಿಗಿತ್ತು. ಚೆಂಡು ನೆಲದ ಮೇಲೆ ಚೆನ್ನಾಗಿ ಪುಟಿಯುತ್ತೆ ಅಂತ ಗೊತ್ತಾದ ಮೇಲೆ 36ಕ್ಕೆ ಇಳಿಸಿದರು. ಕೋರ್ಟ್ ಇವತ್ತಿಗೂ ಶಟಲ್ ಡಬಲ್ಸ್ ಅಳತೆಯದ್ದೇ, 20ಕ್ಕೆ 44 ಅಡಿ. ಆದರೆ ಶಟಲ್‌ನ ಸರ್ವಿಸ್ ಗೆರೆಯನ್ನೇ ಕಿಚನ್ ಗೆರೆ ಅಂದ್ಕೋಬೇಡಿ, ಅದು ಇರುವುದು ಆರೂವರೆ ಅಡಿಗೆ. ಇನ್ನರ್ಧ ಅಡಿ ಹಿಂದಕ್ಕೆ ಬೇರೆ ಗೆರೆ ಎಳೆಯಿರಿ.

ಕಟ್ಟುವಾಗ ಮೊದಲು ಟೇಪ್ ಹಿಡಿದು ಎರಡೂ ಪಕ್ಕದ ಗೆರೆಗಳ ಮೇಲೆ 36 ಮಾಡಿ. ಆಮೇಲೆ ನೆಟ್ಟಿನ ಮೇಲಿನ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ, ಸಡಿಲ ಬಿಡುತ್ತಾ ನಡುವೆ 34ಕ್ಕೆ ತನ್ನಿ, ಪಕ್ಕದಲ್ಲಿ ಮತ್ತೊಮ್ಮೆ ಅಳೆಯಿರಿ. ಹಗ್ಗ ದಿನ ಕಳೆದಂತೆ ಸಡಿಲವಾಗುತ್ತದೆ, ಹಾಗಾಗಿ ಆಟಕ್ಕೆ ಮುಂಚೆ ನಡುವಿನ ಅಳತೆ ನೋಡುವುದು ಒಳ್ಳೆಯದು. ಶಟಲ್ ಆಡುವವರಿಗೆ ಕಂಬದ ಹತ್ತಿರ 5 ಅಡಿ 1 ಇಂಚು ಬೇಕು, ಎರಡಕ್ಕೂ ಕಂಬದ ಮೇಲೆ ಬೇರೆ ಬೇರೆ ಬಣ್ಣದ ಗುರುತು ಹಾಕಿಬಿಡಿ.