ರಾತ್ರಿ ಸಂಚಾರಕ್ಕೆ ದೋಣಿಯಲ್ಲಿ ಯಾವ ದೀಪಗಳಿರಬೇಕು?

ಪ್ರಶ್ನೆ: ನನ್ನದು ಔಟ್‌ಬೋರ್ಡ್ ಎಂಜಿನ್ ಇರುವ 5.5 ಮೀಟರ್ ಉದ್ದದ ತೆರೆದ ದೋಣಿ. ನಸುಕಿಗೂ ಮುಂಚೆ ನೀರಿಗಿಳಿಯುವುದರಿಂದ ದೋಣಿಯ ಮುಂತುದಿಗೆ ಪ್ರಖರವಾದ ಎಲ್‌ಇಡಿ ದೀಪದ ಪಟ್ಟಿಯನ್ನು ಕೂರಿಸಬೇಕೆಂದಿದ್ದೇನೆ. ಅಷ್ಟು ಸಾಕೇ?

ಉತ್ತರ: ಖಂಡಿತ ಸಾಲದು. ದೋಣಿ ಓಡುತ್ತಿರುವಾಗ ಅದನ್ನು ಹೊತ್ತಿಸಿಟ್ಟರೆ ಅಪಾಯವೇ ಹೆಚ್ಚು. ಕಣ್ಣು ಕತ್ತಲೆಗೆ ಚೆನ್ನಾಗಿ ಒಗ್ಗಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಮುಂದಿನ ಕಂಬಿಗೋ ಮಂಜಿಗೋ ಎರಚುವ ನೀರಹನಿಗಳಿಗೋ ತಾಗಿ ಹಿಂದಕ್ಕೆ ಬರುವ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸಿಬಿಡುತ್ತದೆ. ಎದುರಿನಿಂದ ಬರುವವರಿಗೆ ಆ ಝಳದಲ್ಲಿ ನಿಮ್ಮ ದೋಣಿ ಯಾವ ಕಡೆಗೆ ತಿರುಗಿದೆ ಎಂಬುದೂ ತಿಳಿಯುವುದಿಲ್ಲ.

ಆ ದಿಕ್ಕನ್ನು ತಿಳಿಸುವುದೇ ಸಂಚಾರ ದೀಪಗಳ ಕೆಲಸವಾದ್ದರಿಂದ ಮೊದಲು ಅವನ್ನು ಕೊಳ್ಳಿ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು 1972ರಲ್ಲಿ ರೂಪಿಸಲಾದ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ, 12 ಮೀಟರ್‌ಗಿಂತ ಚಿಕ್ಕದಾದ ಎಂಜಿನ್ ದೋಣಿಯು ಸುತ್ತಲೂ ಕಾಣುವ ಒಂದು ಬಿಳಿ ದೀಪವನ್ನೂ ಬಲಕ್ಕೆ ಹಸಿರು, ಎಡಕ್ಕೆ ಕೆಂಪು ದೀಪವನ್ನೂ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಉರಿಸಬಹುದು. ಬಿಳಿ ದೀಪ ಎರಡು ನಾಟಿಕಲ್ ಮೈಲಿ, ಬಣ್ಣದ ದೀಪಗಳು ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್ ದೂರಕ್ಕೆ ಕಾಣುವಂತಿರಬೇಕು. ಕೆಂಪು, ಹಸಿರು ಎರಡೂ ಒಟ್ಟಿಗೆ ಕಂಡರೆ ದೋಣಿ ನೇರ ತನ್ನತ್ತಲೇ ಬರುತ್ತಿದೆ ಎಂದು ಎದುರಿನವನು ಅರಿಯುತ್ತಾನೆ. ಆದುದರಿಂದ ಬಣ್ಣದ ದೀಪಗಳು ಓರೆಯಾಗಿ ಕೂತರೆ ಅವು ಸುಳ್ಳು ಹೇಳಿದಂತೆಯೇ. 7 ಮೀಟರ್‌ಗಿಂತ ಚಿಕ್ಕದಿದ್ದು, ಗರಿಷ್ಠ ವೇಗ 7 ನಾಟ್ (ಗಂಟೆಗೆ 7 ನಾಟಿಕಲ್ ಮೈಲಿ) ಮೀರದ ದೋಣಿಗೆ ಬಿಳಿ ದೀಪವೊಂದೇ ಸಾಕೆಂಬ ರಿಯಾಯಿತಿ ಉಂಟು. ಆದರೆ ಸಾಧ್ಯವಿದ್ದರೆ ಬಣ್ಣದ ದೀಪಗಳನ್ನೂ ಉರಿಸಬೇಕೆಂದು ಅದೇ ನಿಯಮ ಹೇಳುವುದರಿಂದ, ಅವನ್ನು ಕೂರಿಸಬಲ್ಲವರು ಈ ರಿಯಾಯಿತಿಯನ್ನು ನೆಚ್ಚಬಾರದು. ಒಳನಾಡಿನ ನೀರಿಗೆ ಬೇರೆ ನಿಯಮಗಳಿರಬಹುದು, ವಿಚಾರಿಸಿಕೊಳ್ಳಿ.

ಚಿಕ್ಕ ದೋಣಿಗಳಲ್ಲಿ ನಾನು ಹೆಚ್ಚಾಗಿ ಕಾಣುವ ದೋಷ ಬಿಳಿ ದೀಪದ ಕಂಬದ್ದು. ಅದು ಬಣ್ಣದ ದೀಪಗಳಿಗಿಂತ ಕನಿಷ್ಠ ಒಂದು ಮೀಟರ್ ಎತ್ತರದಲ್ಲಿರಬೇಕು ಎಂಬ ಲೆಕ್ಕಕ್ಕೆ ಸರಿಹೋದರೂ, ಎಂಜಿನ್ ಹಿಡಿದು ನಿಂತವನ ಬೆನ್ನಿಗೆ ಮರೆಯಾಗುತ್ತದೆ. ನಿಂತ ಆಳಿನ ತಲೆಗಿಂತ ಮೇಲಿರುವ ಕಂಬವನ್ನೇ ಆರಿಸಿ.

ಬ್ಯಾಟರಿ ಉಳಿಯುವುದರಿಂದ ಎಲ್‌ಇಡಿ ಒಳ್ಳೆಯದೇ. ಆದರೆ ಸಂಚಾರ ದೀಪವೆಂದು ಪ್ರಮಾಣೀಕರಿಸಿದ, ಎಷ್ಟು ಮೈಲಿಗೆ ಕಾಣುತ್ತದೆಂದು ನಮೂದಿಸಿದ ಪೂರ್ತಿ ದೀಪವನ್ನೇ ಕೊಳ್ಳಿ. ಹಳೆಯ ದೀಪದ ಬಲ್ಬ್ ತೆಗೆದು ಎಲ್‌ಇಡಿ ಬಲ್ಬ್ ಸಿಕ್ಕಿಸಿದರೆ ಬಣ್ಣವೂ ಬೆಳಕು ಹರಡುವ ಕೋನವೂ ಬದಲಾಗಬಹುದು. ದೋಣಿಯಲ್ಲಿ ಇತರ ದೋಣಿಗಳೊಡನೆ ಮಾತಾಡುವ ವಿಎಚ್‌ಎಫ್ ರೇಡಿಯೊ ಇದ್ದರೆ ದೀಪ ಹಾಕಿ, ಆರಿಸಿ ಕೇಳಿ ನೋಡಿ. ಕಳಪೆ ಎಲ್‌ಇಡಿಯಿಂದ ಗೊರಗೊರ ಸದ್ದು ಬರುವುದುಂಟು.

ನೀವು ಹೇಳಿದ ಪಟ್ಟಿದೀಪವನ್ನು ದಡಕ್ಕೆ ಕಟ್ಟುವಾಗ, ನೀರಿನಲ್ಲಿ ಏನನ್ನಾದರೂ ಹುಡುಕುವಾಗ ಅರೆಗಳಿಗೆ ಬಳಸಿ. ನೀರು ಹೊಗದ ಟಾರ್ಚೊಂದು ಕೈಗೆಟಕುವಂತಿರಲಿ. ದೋಣಿಯ ಬ್ಯಾಟರಿ ಕೈಕೊಟ್ಟಾಗ ಹತ್ತಿರ ಬರುವವರಿಗೆ ನೀವಿರುವುದನ್ನು ಸಾಕಷ್ಟು ಮುಂಚೆ ತೋರಿಸಲು ಅದೊಂದೇ ಉಳಿದಿರುತ್ತದೆ.