ಪ್ಲಾಸ್ಟಿಕ್ ಬಗ್ಗೆ ಜಾಗೃತಿ ಮೂಡಿಸೋಕೆ ಶಾಲೇಲಿ ಕವನ, ಚಿತ್ರಕಲೆ ಮಾಡಿಸಿದ್ರೆ ಏನಾದ್ರೂ ಪ್ರಯೋಜನ ಇದ್ಯಾ?

ಇದೆ, ಆದ್ರೆ ಒಂದಿನ ಸ್ಪರ್ಧೆ ಇಟ್ಟು ಬಹುಮಾನ ಕೊಟ್ಟು ಮನೆಗೆ ಕಳಿಸಿದ್ರೆ ಇಲ್ಲ. ನಾನು ಹಾಸನದ ಕಡೆ ಒಂದು ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡ್ತೀನಿ. ಮೊದಲ ವರ್ಷ ನಾನೂ ಅದನ್ನೇ ಮಾಡಿದ್ದು, 'ಪ್ಲಾಸ್ಟಿಕ್ ಎಂಬ ಮಾರಿ' ಅಂತ ವಿಷಯ ಕೊಟ್ಟೆ, ಇಡೀ ಕ್ಲಾಸು ಒಂದೇ ಕವನ ಬರೀತು. ಭೂಮಿತಾಯಿ ಅಳ್ತಿದಾಳೆ, ಬನ್ನಿ ಕೈ ಜೋಡಿಸೋಣ, ಹಸಿರೇ ಉಸಿರು. ಮಕ್ಕಳದ್ದೇನೂ ತಪ್ಪಿಲ್ಲ, ನಾನು ಕೊಟ್ಟ ವಿಷಯದಲ್ಲಿ ಕಣ್ಣಿಗೆ ಕಾಣೋ ಅಂಥದ್ದು, ಕೈಯಲ್ಲಿ ಹಿಡಿಯೋ ಅಂಥದ್ದು ಏನೂ ಇರ್ಲಿಲ್ಲ.

ಮಾರನೇ ವರ್ಷ ಒಂದು ವಾರ ಮನೇಲಿ ಯಾವ ಕವರನ್ನೂ ಬಿಸಾಕ್ಬೇಡಿ, ತೊಳೆದು ಒಣಗಿಸಿ ತನ್ನಿ ಅಂದೆ. ಮೂರು ಮೂಟೆ ಆಯ್ತು! ಕ್ಲಾಸ್ ರೂಮಲ್ಲೇ ಸುರಿದು ಬೇರೆ ಬೇರೆ ಗುಡ್ಡೆ ಮಾಡಿದ್ವಿ, ಹಾಲಿನ ಕವರು, ಶಾಂಪೂ ಸ್ಯಾಚೆ, ಬಿಸ್ಕತ್ತಿನ ಕವರು, ಗುಟ್ಕಾ ಪಾಕೀಟು (ಅದನ್ನ ತಂದಿದ್ದ ಹುಡುಗ ಬ್ಯಾಗಿಂದ ತೆಗೆಯೋಕೆ ತುಂಬಾ ಹೊತ್ತು ಹಿಂಜರಿದ, ನಾನೇನೂ ಕೇಳ್ಲಿಲ್ಲ). ಗುಜರಿ ಅಂಗಡಿಯವರನ್ನ ಕರೆಸಿ ತೋರಿಸಿದ್ರೆ ಹಾಲಿನ ಕವರ್ ತಗೋತೀನಿ, ಚಿಪ್ಸ್ ಪ್ಯಾಕೆಟ್ ಬೇಡ ಅಂದ್ರು. ಅದರಲ್ಲಿ ಪ್ಲಾಸ್ಟಿಕ್ಕೂ ಅಲ್ಯೂಮಿನಿಯಮ್ಮೂ ಪದರ ಪದರವಾಗಿ ಅಂಟ್ಕೊಂಡಿರುತ್ತೆ, ಬಿಡಿಸೋದು ಕಷ್ಟ, ಹಾಗಾಗಿ ಆಯೋರೂ ಆಯಲ್ಲ, ಕೊಳ್ಳೋರೂ ಕೊಳ್ಳಲ್ಲ. ಇಷ್ಟು ಆದ್ಮೇಲೆ ಹೇಳಿದೆ, ಒಬ್ಬೊಬ್ರು ಒಂದೊಂದು ವಸ್ತು ಎತ್ಕೊಳ್ಳಿ, ಅದರ ಬಗ್ಗೆ ಬಿಟ್ಟು ಬೇರೆ ಏನೂ ಬರೀಬೇಡಿ ಅಂತ. ಒಬ್ಳು ಹುಡುಗಿ ಬರೆದಿದ್ದು ಇದು:

ಅಮ್ಮ ಕತ್ತರಿಸಿದ ಹಾಲಿನ ಕವರಿನ ಮೂಲೆ
ಕಿರುಬೆರಳ ಉಗುರಿನಷ್ಟೇ ಇದೆ
ಹಾಲು ಸಂಜೆಯೊಳಗೆ ಖಾಲಿ
ಮೂಲೆ ಮಾತ್ರ ನಾ ಮುದುಕಿಯಾದ್ರೂ ಚರಂಡೀಲಿ

ಕವರು ಗುಜರಿಗೆ ಹೋಗುತ್ತೆ, ಆ ಚೂರು ಎಲ್ಲೋ ಉದುರಿ ಹೋಗುತ್ತೆ, ಅಷ್ಟು ಚಿಕ್ಕದನ್ನ ಯಾರು ಆಯ್ತಾರೆ ಹೇಳಿ. ನಾನು ಎಷ್ಟೋ ವರ್ಷದಿಂದ ದಿನಾ ಕತ್ತರಿಸ್ತಿದ್ದೆ, ಒಂದಿನಾನೂ ಹೊಳೆದಿರ್ಲಿಲ್ಲ. ಕವನ ಮಾಡೋ ಕೆಲಸ ಅದು ಅನ್ಸುತ್ತೆ ನಂಗೆ, ನೋಡಿ ನೋಡಿ ಅಭ್ಯಾಸ ಆಗಿಹೋಗಿರೋದನ್ನ ಮತ್ತೆ ಕಾಣೋ ಹಾಗೆ ಮಾಡೋದು.

ಚಿತ್ರಕ್ಕೂ ಇದೇ ಮಾತು. ಕ್ರಿಸ್ ಜೋರ್ಡನ್ ಅಂತ ಅಮೆರಿಕದ ಫೋಟೋಗ್ರಾಫರ್ 2009ರಲ್ಲಿ ಪೆಸಿಫಿಕ್ ಸಾಗರದ ಮಧ್ಯೆ ಇರೋ ಮಿಡ್‌ವೇ ದ್ವೀಪಕ್ಕೆ ಹೋಗಿ ಆಲ್ಬಟ್ರಾಸ್ ಅನ್ನೋ ಕಡಲ ಹಕ್ಕಿಯ ಸತ್ತ ಮರಿಗಳ ಫೋಟೋ ತೆಗೆದ್ರು. ತಾಯಿ ಹಕ್ಕಿ ಆಹಾರ ಅಂತ ತಿಳ್ಕೊಂಡು ಸಮುದ್ರದಿಂದ ತಂದು ತಿನ್ನಿಸಿದ್ದ ಬಾಟಲ್ ಮುಚ್ಚಳ, ಲೈಟರ್ ಎಲ್ಲ ಹೊಟ್ಟೆ ಇದ್ದ ಜಾಗದಲ್ಲಿ ಹಾಗೇ ಬಿದ್ದಿದೆ, ಅವರು ಒಂದು ಚೂರನ್ನೂ ಅಲ್ಲಾಡಿಸದೆ ಇದ್ದದ್ದು ಇದ್ದ ಹಾಗೆ ತೆಗೆದಿದ್ದು. ಅದನ್ನ ಮಕ್ಕಳಿಗೆ ತೋರಿಸಿದಾಗ ನಾನು ಏನೂ ವಿವರಿಸಬೇಕಾಗ್ಲಿಲ್ಲ.

ಇನ್ನೊಂದು ವಿಷಯ ದಯವಿಟ್ಟು ಗಮನಿಸಿ, ಪರಿಸರ ದಿನಕ್ಕೆ ಅಂತ ಕರೆದಿದ್ದ ಒಂದು ಕಾರ್ಯಕ್ರಮದಲ್ಲಿ ವೇದಿಕೆ ಹಿಂದೆ ಇಷ್ಟು ದೊಡ್ಡ ಫ್ಲೆಕ್ಸು, ಥರ್ಮಾಕೋಲ್ ಭೂಮಿ, ಮಕ್ಕಳ ಚಿತ್ರಕ್ಕೆಲ್ಲ ಲ್ಯಾಮಿನೇಷನ್. ನಂಗೆ ತುಂಬಾ ಸಂಕಟ ಆಯ್ತು. ಕರ್ನಾಟಕದಲ್ಲಿ 2016ರ ಮಾರ್ಚಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟದ ಜೊತೆ ಫ್ಲೆಕ್ಸನ್ನೂ ಸರ್ಕಾರ ನಿಷೇಧ ಮಾಡಿದೆ. ಬಟ್ಟೆ ಮೇಲೆ ಬರೆಸಿ, ಗೋಡೆ ಮೇಲೆ ಸುಣ್ಣ ಕೆಮ್ಮಣ್ಣಲ್ಲಿ ಬರೆಸಿ, ಇಲ್ಲಾಂದ್ರೆ ಆ ಮೂಟೆಯ ಕವರುಗಳನ್ನೇ ದಾರಕ್ಕೆ ಪೋಣಿಸಿ ಗೇಟಿಗೆ ತೋರಣ ಕಟ್ಟಿಸಿ. ನಾವು ಕಟ್ಟಿದ್ವಿ, ಪೇರೆಂಟ್ಸ್ ಮೀಟಿಂಗಿಗೆ ಬಂದೋರು ಅದರ ಕೆಳಗೇ ತಲೆ ಬಗ್ಗಿಸಿ ಒಳಗೆ ಬರಬೇಕಿತ್ತು.

ಕಲೆ ಒಂದರಿಂದಲೇ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳಲ್ಲ. 2022ರಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆ ನಡೆದಾಗ ಬೆಂಜಮಿನ್ ವಾನ್ ವಾಂಗ್ ಅನ್ನೋ ಕಲಾವಿದ ಹೊರಗಡೆ ದೊಡ್ಡ ನಲ್ಲಿ ನಿಲ್ಲಿಸಿದ್ರು, ನೀರಿನ ಬದಲು ಪ್ಲಾಸ್ಟಿಕ್ ಸುರೀತಿರೋ ಹಾಗೆ. ಪ್ಲಾಸ್ಟಿಕ್ ಮಾಲಿನ್ಯ ತಡೆಯೋಕೆ ಜಾಗತಿಕ ಒಪ್ಪಂದ ಮಾಡ್ಕೋಬೇಕು ಅಂತ ಆ ಸಭೇಲಿ ತೀರ್ಮಾನ ಆಯ್ತು, ಆದ್ರೆ 2025ರ ಆಗಸ್ಟಲ್ಲಿ ಜಿನೀವಾದಲ್ಲಿ ಕೂತಾಗಲೂ ದೇಶಗಳು ಒಮ್ಮತಕ್ಕೆ ಬರ್ಲಿಲ್ಲ. ನಲ್ಲಿ ತಿರುಗಿಸೋ ಕೈ ಸರ್ಕಾರ, ಕಂಪನಿಗಳದ್ದು, ಅದನ್ನೂ ಮಕ್ಕಳಿಗೆ ಹೇಳಿ, ಎಲ್ಲ ತಪ್ಪನ್ನೂ ಅವರ ತಲೆ ಮೇಲೆ ಹಾಕ್ಬೇಡಿ.

ಆ ಹುಡುಗಿ ಅಮ್ಮ ಈಗ ಮೂಲೇನ ಪೂರ್ತಿ ಕತ್ತರಿಸಲ್ವಂತೆ, ಒಂಚೂರು ಸೀಳಿ ಅಲ್ಲೇ ನೇತಾಡೋಕೆ ಬಿಡ್ತಾರಂತೆ. ನಮ್ಮನೇಲೂ ಹಾಗೇ ಮಾಡ್ತಿದೀವಿ.