ದೇವರ ಹತ್ರ ನೇರ ಹೇಳಿದ್ರೆ ಸಾಲದಾ? – ಸಂಪಾದಕರ ಉತ್ತರ

ಮೂಡಿಗೆರೆಯ ಸಹೋದರಿಗೆ ನಮಸ್ಕಾರ. ಬೇರೆ ಸಭೆಗೆ ಹೋಗೋ ನಿಮ್ಮ ಗೆಳತಿ "ಪಾಪ ಕ್ಷಮಿಸೋನು ದೇವರೊಬ್ಬನೇ, ಅದನ್ನ ಫಾದರ್ ಕಿವೀಲಿ ಯಾಕೆ ಹೇಳ್ಬೇಕು, ಅವರೂ ಪಾಪಿನೇ ಅಲ್ವಾ, ಇದೆಲ್ಲ 1215ರಲ್ಲಿ ಪೋಪ್ ಹುಟ್ಟುಹಾಕಿದ್ದು, ಶನಿವಾರ ಪಾಪನಿವೇದನೆ ಸೋಮವಾರ ಮತ್ತೆ ಅದೇ ಪಾಪ" ಅಂದ್ರು, ಅವತ್ತಿಂದ ನಿಮಗೂ ಪಾಪನಿವೇದನೆಗೆ, ಅಂದ್ರೆ ಗುರುಗಳ (ಫಾದರ್) ಮುಂದೆ ಪಾಪ ಹೇಳ್ಕೊಂಡು ಕ್ಷಮೆ ಪಡೆಯೋ ಸಂಸ್ಕಾರಕ್ಕೆ, ಹೋಗೋಕೆ ಮನಸ್ಸಾಗ್ತಿಲ್ಲ ಅಂತ ಬರೆದಿದ್ದೀರ. ಆ ಕೊನೇ ಮಾತು ಓದಿ ತುಂಬಾ ಬೇಜಾರಾಯ್ತು, ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀನಿ.

ಕ್ಷಮಿಸೋನು ದೇವರೊಬ್ಬನೇ ಅನ್ನೋದು ನಿಜ, ನಮ್ಮ ಕಥೋಲಿಕ ಧರ್ಮಸಭೆ ಹೇಳೋದೂ ಅದನ್ನೇ. ಆದ್ರೆ ಆ ಕ್ಷಮೆ ಯಾರ ಕೈಲಿ ಕೊಡಿಸ್ಬೇಕು ಅಂತ ತೀರ್ಮಾನ ಮಾಡೋದೂ ಅವನೇ ಅಲ್ವಾ? ಪಾರ್ಶ್ವವಾಯು ರೋಗಿಗೆ ಯೇಸುಸ್ವಾಮಿ ನಿನ್ನ ಪಾಪ ಕ್ಷಮಿಸಿದೆ ಅಂದಾಗ ಧರ್ಮಶಾಸ್ತ್ರಿಗಳ ಮನಸ್ಸಲ್ಲಿ ಎದ್ದಿದ್ದೂ ನಿಮ್ಮ ಗೆಳತಿಯ ಪ್ರಶ್ನೆನೇ. ಅದೇ ಘಟನೆ ಮತ್ತಾಯ 9:8ರಲ್ಲಿ ಹೇಗೆ ಮುಗಿಯುತ್ತೆ ನೋಡಿ, ಮನುಷ್ಯರಿಗೆ ಇಂಥ ಅಧಿಕಾರ ಕೊಟ್ಟ ದೇವರನ್ನ ಜನ ಕೊಂಡಾಡಿದ್ರು ಅಂತಿದೆ. ಆಮೇಲೆ ಯೇಸುಸ್ವಾಮಿ ತಾವು ಸತ್ತು ಮತ್ತೆ ಎದ್ದು ಬಂದ ಪುನರುತ್ಥಾನದ ದಿನ ಸಂಜೆ ಶಿಷ್ಯರ ಮೇಲೆ ಉಸಿರೂದಿ, ನೀವು ಯಾರ ಪಾಪ ಕ್ಷಮಿಸ್ತೀರೋ ಅವು ಕ್ಷಮೆಯಾಗ್ತವೆ, ಯಾರದ್ದನ್ನ ಕ್ಷಮಿಸದೆ ಉಳಿಸ್ತೀರೋ ಅವು ಉಳೀತವೆ ಅಂದ್ರು, ಯೊವಾನ್ನ 20:23. ಯಾವುದನ್ನ ಕ್ಷಮಿಸ್ಬೇಕು, ಯಾವುದನ್ನ ಉಳಿಸ್ಬೇಕು ಅಂತ ಅವರಿಗೆ ತಿಳಿಯೋದು ಹೇಗೆ, ಯಾರಾದ್ರೂ ಬಂದು ಬಾಯಿಬಿಟ್ಟು ಹೇಳ್ದೆ ಇದ್ರೆ? ಇದನ್ನ ಗೆಳತಿಗೆ ಅವರದೇ ಬೈಬಲ್ಲಲ್ಲಿ ತೋರಿಸಿ, ಅಲ್ಲೂ ಹಾಗೇ ಇದೆ.

1215ರ ವಿಷಯ. ಆ ವರ್ಷ ಬಿಷಪ್‌ಗಳೆಲ್ಲ ಸೇರಿದ್ದ ನಾಲ್ಕನೇ ಲ್ಯಾಟರನ್ ಮಹಾಸಭೆ ಹೇಳಿದ್ದು ವರ್ಷಕ್ಕೆ ಒಂದ್ಸಲನಾದ್ರೂ ಪಾಪನಿವೇದನೆ ಮಾಡ್ಲೇಬೇಕು ಅಂತ, ಅಂದ್ರೆ ಅದು ಮೊದಲೇ ಇತ್ತು. ಮೂರನೇ ಶತಮಾನದಲ್ಲೇ ಉತ್ತರ ಆಫ್ರಿಕಾದ ಕಾರ್ತೇಜಿನ ಬಿಷಪ್ ಸಂತ ಸಿಪ್ರಿಯನ್ ಗುರುಗಳ ಮೂಲಕ ಸಿಗೋ ಪಾಪಕ್ಷಮೆ ಬಗ್ಗೆ ಬರೆದಿದ್ದಾರೆ.

ಫಾದರ್ ಪಾಪಿನಾ ಅಂದ್ರೆ ಹೌದು, ಅವರೂ ಇನ್ನೊಬ್ಬ ಗುರುಗಳ ಮುಂದೆ ಮೊಣಕಾಲೂರ್ತಾರೆ. 2014ರ ಮಾರ್ಚಲ್ಲಿ ಪೋಪ್ ಫ್ರಾನ್ಸಿಸ್ ಸಂತ ಪೇತ್ರರ ಬೆಸಿಲಿಕಾದಲ್ಲಿ ಎಲ್ಲರೂ ನೋಡ್ತಿರುವಾಗ್ಲೇ ಹೋಗಿ ಪಾಪನಿವೇದನೆ ಮಾಡಿದ್ರು.

ಇನ್ನು ಸೋಮವಾರದ ಮಾತು, ಇದು ನಿಜಕ್ಕೂ ಚುಚ್ಚುತ್ತೆ ಯಾಕಂದ್ರೆ ಹಾಗೆ ನಡ್ಕೊಳ್ಳೋರು ನಮ್ಮಲ್ಲಿದ್ದಾರೆ. ಆದ್ರೆ ಪಶ್ಚಾತ್ತಾಪ ಇಲ್ದೆ, ಮತ್ತೆ ಮಾಡಲ್ಲ ಅನ್ನೋ ನಿರ್ಧಾರ ಇಲ್ದೆ ಹೇಳ್ಕೊಂಡ್ರೆ ಕ್ಷಮೆ ಸಿಕ್ಕಿದ ಹಾಗಲ್ಲ. ತೋಟದಲ್ಲಿ ಕಾಫಿ ಕುಯ್ಯೋ ಹೆಂಗಸರಿಗೆ ತೂಕದಲ್ಲಿ ಮೋಸ ಮಾಡಿ ಕೂಲಿ ಹೊಡೆದವನು ಬಂದು ತಪ್ಪಾಯ್ತು ಫಾದರ್ ಅಂದ್ರೆ ಅಲ್ಲಿಗೆ ಮುಗೀಲಿಲ್ಲ, ಆ ದುಡ್ಡನ್ನ ಅವರಿಗೆ ವಾಪಸ್ ಕೊಡ್ಬೇಕು, ಧರ್ಮಸಭೆಯ ಬೋಧನೆನೇ ಅದು. ಮನೆಲಿ ಒಬ್ರೇ ಕೂತು ದೇವರೇ ಕ್ಷಮಿಸು ಅಂದ್ರೆ ಈ ಕೂಲಿ ವಿಷಯ ಎಷ್ಟು ಸುಲಭವಾಗಿ ಮರೆತು ಹೋಗುತ್ತೆ ಯೋಚಿಸಿ! ಮನೆ ಪ್ರಾರ್ಥನೆ ಬೇಡ ಅಂತ ಹೇಳ್ತಿಲ್ಲ, ದಿನಾ ಕ್ಷಮೆ ಕೇಳ್ಲೇಬೇಕು, ಆದ್ರೆ ಗಂಭೀರ ಪಾಪಕ್ಕೆ ಈ ಸಂಸ್ಕಾರ ಬೇಕು.

ಸಣ್ಣ ಊರು, ಹೇಳಿದ್ದು ಹೊರಗೆ ಹೋದ್ರೆ ಅಂತ ಹೆದರ್ಬೇಡಿ. ಕೇಳಿದ್ದನ್ನ ಬಯಲು ಮಾಡಿದ ಗುರುಗಳಿಗೆ ಧರ್ಮಸಭೆಯಿಂದ ಬಹಿಷ್ಕಾರದ ಶಿಕ್ಷೆ ಇದೆ. ಅಷ್ಟಾದ್ರೂ ನಿಮ್ಮ ಫಾದರ್ ಹತ್ರ ಸಂಕೋಚ ಅನಿಸಿದ್ರೆ ಚಿಕ್ಕಮಗಳೂರಿನ ಸಂತ ಜೋಸೆಫರ ಕ್ಯಾಥೆಡ್ರಲ್‌ಗೆ ಹೋಗಿ, ನಿಮ್ಮ ಧರ್ಮಕೇಂದ್ರದಲ್ಲೇ ಮಾಡ್ಬೇಕು ಅಂತ ಏನಿಲ್ಲ.